ಮಕ್ಕಳ ಮನಸ್ಸಿಗೂ ಕಾಯಿಲೆ ಬರುತ್ತದೆ

ಅಡಿಕೆ ಮರದ ಸೋಗೆ ಹಳದಿಯಾದರೆ ನಾವು ಮರಕ್ಕೆ ಬೈಯುವುದಿಲ್ಲ. ಬುಡದಲ್ಲಿ ನೀರು ನಿಂತಿದೆಯೇ, ಬೇರಿಗೆ ಹುಳ ಬಿದ್ದಿದೆಯೇ ಎಂದು ನೋಡುತ್ತೇವೆ. ಆದರೆ ಚೆನ್ನಾಗಿ ಓದುತ್ತಿದ್ದ ಮಗು ಪುಸ್ತಕ ಮುಟ್ಟದಿದ್ದರೆ, ಮಾತುಮಾತಿಗೆ ಸಿಡುಕಿದರೆ, ಸೊಕ್ಕು ಎಂದು ಬೆತ್ತ ಹುಡುಕುತ್ತೇವೆ.

ಮಾನಸಿಕ ಕಾಯಿಲೆ ದೊಡ್ಡವರಿಗೆ ಮಾತ್ರ ಎಂಬುದು ತಪ್ಪು ತಿಳುವಳಿಕೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳ ಪೈಕಿ ಶೇಕಡಾ 7.3 ಮಂದಿಗೆ ಮಾನಸಿಕ ತೊಂದರೆ ಇರುವುದು ಕಂಡುಬಂತು. ನೂರರಲ್ಲಿ ಏಳು ಮಕ್ಕಳು ಎಂದಾಯಿತು.

ಮಕ್ಕಳು ತಮ್ಮ ಮನಸ್ಸಿನ ನೋವನ್ನು ಮಾತಿನಲ್ಲಿ ಹೇಳಲಾರರು. ಅದು ದೇಹದಲ್ಲಿ, ನಡತೆಯಲ್ಲಿ ಕಾಣಿಸುತ್ತದೆ. ಶಾಲೆಗೆ ಹೊರಡುವಾಗ ಹೊಟ್ಟೆನೋವು, ತಲೆನೋವು. ರಜೆಯ ದಿನ ಏನೂ ಇಲ್ಲ. ಇದನ್ನು ನಾಟಕ ಎನ್ನಬೇಡಿ. ಆತಂಕದಿಂದ ಬರುವ ಹೊಟ್ಟೆನೋವೂ ನಿಜವಾದ ನೋವೇ. ಮೊದಲು ವೈದ್ಯರಿಗೆ ತೋರಿಸಿರಿ. ದೇಹದಲ್ಲಿ ದೋಷ ಕಾಣದಿದ್ದರೆ, ಶಾಲೆಯಲ್ಲಿ ಯಾರ ಭಯ, ಯಾವುದರ ಭಯ ಎಂದು ಮೆಲ್ಲಗೆ ವಿಚಾರಿಸಿರಿ.

ಖಿನ್ನತೆ ಇರುವ ಮಗು ಅಳುತ್ತಲೇ ಇರಬೇಕೆಂದಿಲ್ಲ, ಸಿಟ್ಟೇ ಮುಂದಾಗಿರಬಹುದು. ಆಟ ಬೇಡ, ಗೆಳೆಯರು ಬೇಡ, ನಿದ್ದೆ ಊಟ ಸರಿಯಿಲ್ಲ, ಓದು ಹಿಂದೆ ಬಿದ್ದಿದೆ. ಇಂಥ ಬದಲಾವಣೆ ಎರಡು ವಾರ ಮುಂದುವರಿದರೆ ತಡಮಾಡಬಾರದು. ಚಿಕ್ಕಂದಿನಿಂದಲೇ ಮನೆಯಲ್ಲಿಯೂ ಶಾಲೆಯಲ್ಲಿಯೂ ಒಂದೆಡೆ ಕೂರದ, ಯಾವುದಕ್ಕೂ ಗಮನ ಕೊಡಲಾಗದ ಮಗುವನ್ನೂ ಪರೀಕ್ಷೆ ಮಾಡಿಸಬೇಕು. ಅದು ಪೋಲಿತನ ಆಗಿರಬೇಕೆಂದಿಲ್ಲ.

ಮಗು ಸಾಯುವ ಮಾತಾಡಿದರೆ ಹೆದರಿಸಲು ಹೇಳಿದ್ದೆಂದು ತಳ್ಳಿಹಾಕಬೇಡಿ. "ಸಾಯಬೇಕು ಅನ್ನಿಸುತ್ತದೆಯಾ ಮಗೂ?" ಎಂದು ನೇರವಾಗಿ ಕೇಳಿರಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಗುವಿನ ಭಾರ ಇಳಿಯುತ್ತದೆ. ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ತೋಟಕ್ಕೆ ತಂದ ಕೀಟನಾಶಕಗಳನ್ನು ಎಲ್ಲ ಮನೆಗಳಲ್ಲಿಯೂ ಬೀಗ ಹಾಕಿ ಇಡಬೇಕು. ಆ ಒಂದು ಬೀಗ ಜೀವ ಉಳಿಸಬಹುದು.

ಕೆಲವರು ಇಂಥ ಮಕ್ಕಳನ್ನು ಮಂತ್ರವಾದಿಯ ಬಳಿಗೆ ಒಯ್ಯುತ್ತಾರೆ. ಕೆಲವರು ದೆವ್ವ ಹಿಡಿದಿದೆ ಎಂದು ನಮ್ಮಲ್ಲಿಗೇ ಕರೆತರುತ್ತಾರೆ. ನಾವು ಪ್ರಾರ್ಥಿಸುತ್ತೇವೆ, ಆಶೀರ್ವದಿಸುತ್ತೇವೆ. ಆದರೆ ಪ್ರಾರ್ಥನೆ ಚಿಕಿತ್ಸೆಯ ಜೊತೆಗಿರಬೇಕೇ ಹೊರತು ಅದರ ಬದಲಿಗೆ ಅಲ್ಲ. ಜ್ವರಕ್ಕೆ ಮದ್ದು ಕೊಡುವ ನಾವು ಮನಸ್ಸಿನ ಕಾಯಿಲೆಗೆ ಮಾತ್ರ ಏಕೆ ನಾಚಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಅಗತ್ಯವಿದ್ದರೆ ಅಲ್ಲಿಂದ ಮನೋವೈದ್ಯರಲ್ಲಿಗೆ ಕಳುಹಿಸುತ್ತಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆಮಾಡಬಹುದು. ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಕಾಸರಗೋಡಿನ ಕನ್ನಡಿಗರಾದ ನಮಗೆ ಇದು ಮುಖ್ಯ. ಮಗು ಮನಸ್ಸು ಬಿಚ್ಚುವುದು ಮನೆಮಾತಿನಲ್ಲಿ. ವೈದ್ಯರಿಗೆ ಮಲಯಾಳ ಮಾತ್ರ ಬರುವುದಾದರೆ ಎರಡೂ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ.

ಎಲ್ಲ ಮಕ್ಕಳಿಗೂ ಮಾತ್ರೆ ಬೇಕಾಗುವುದಿಲ್ಲ. ಅನೇಕರಿಗೆ ಆಪ್ತ ಸಲಹೆಯೇ ಸಾಕು. ಮಾತ್ರೆ ಕೊಟ್ಟಿದ್ದರೆ ಸ್ವಲ್ಪ ಗುಣವಾಯಿತೆಂದು ನೀವಾಗಿ ನಿಲ್ಲಿಸಬೇಡಿ.

ಪ್ರಿಯ ತಂದೆತಾಯಂದಿರೇ, ಇಂದು ರಾತ್ರಿ ಊಟವಾದ ಮೇಲೆ ಕಾಲು ಗಂಟೆ ಮಗುವಿನ ಬಳಿ ಕುಳಿತುಕೊಳ್ಳಿರಿ. ಮಾರ್ಕಿನ ಮಾತು ಎತ್ತಬೇಡಿ. ಅದು ಹೇಳುವುದನ್ನು ಪೂರ್ತಿ ಕೇಳಿರಿ.