ದೇವನಹಳ್ಳಿಯಿಂದ ಸಿಂಗಪುರಕ್ಕೆ ಎಷ್ಟು ಹೊತ್ತು?

2008ರಲ್ಲಿ ತೆರೆದ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಬೆಳಿಗ್ಗೆ 10 ಗಂಟೆಗೆ ಹೊರಟ ವಿಮಾನವು ಸಂಜೆ 5ಕ್ಕೆ ಸಿಂಗಪುರ ಸೇರುವುದೆಂದು ನಿಮ್ಮ ಟಿಕೆಟ್ಟಿನಲ್ಲಿದೆಯೆನ್ನಿ. ಮರಳುವಾಗ ಅಲ್ಲಿ 10ಕ್ಕೆ ಹೊರಟದ್ದು ನಡುಹಗಲು 12ಕ್ಕೇ ಇಲ್ಲಿರುತ್ತದೆ. ಹೋಗಲು ಏಳು ಗಂಟೆ, ಬರಲು ಎರಡೇ ಗಂಟೆಯೆ? ಹಾಗಲ್ಲ. ಸಿಂಗಪುರ ನಮಗೆ ಪೂರ್ವದಲ್ಲಿದೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ಹೋಗುವಾಗ ಅಷ್ಟನ್ನು ಕಳೆಯಿರಿ, ಬರುವಾಗ ಕೂಡಿಸಿರಿ. ಎರಡು ಕಡೆಗೂ ನಾಲ್ಕೂವರೆ ಗಂಟೆಯೇ ಸಿಕ್ಕುತ್ತದೆ.

ದೂರ ಸುಮಾರು 3,200 ಕಿಲೋಮೀಟರು, ಎಂದರೆ ಎರಡು ಸಾವಿರ ಮೈಲಿ. ಗಂಟೆಗೆ 900 ಕಿಲೋಮೀಟರು ಹಾರುವ ಜೆಟ್ ವಿಮಾನಕ್ಕೆ ಮೂರೂವರೆ ಗಂಟೆ ಸಾಲದೆ ಎಂದು ಕೇಳಬಹುದು. ಆ ವೇಗ ಮೇಲೇರಿದ ಬಳಿಕದ್ದು. ನೆಲದ ಮೇಲೆ ಸಾಗುವುದು, ಏರುವುದು, ಇಳಿಯುವುದು, ಸರದಿ ಕಾಯುವುದು, ಇವೆಲ್ಲ ಉಳಿದ ಹೊತ್ತನ್ನು ತೆಗೆದುಕೊಳ್ಳುತ್ತವೆ. ಎದುರುಗಾಳಿಯಿದ್ದರೆ ಇನ್ನಷ್ಟು ತಡ.

ಅಲ್ಲಿರುವ ಮಕ್ಕಳನ್ನು ಕಾಣಲು ಹೋಗುವ ಹಿರಿಯರಿಗೆ ಈ ಲೆಕ್ಕ ಬರಿಯ ವಿನೋದವಲ್ಲ. ಸಕ್ಕರೆ ಕಾಯಿಲೆಯವರು ಆ ದಿನ ಅಲ್ಲಿಯ ಗಡಿಯಾರ ನೋಡಿ ರಾತ್ರಿಯ ಇನ್ಸುಲಿನ್ ಚುಚ್ಚಿಕೊಂಡರೆ ಎರಡೂವರೆ ಗಂಟೆ ಮುಂಚೆಯೇ ಚುಚ್ಚಿಕೊಂಡಂತಾಯಿತು. ಹೊರಡುವ ಮುನ್ನ ವೈದ್ಯರನ್ನು ಕೇಳಿಕೊಳ್ಳಿ. ಗಡಿಯಾರದ ಮುಳ್ಳನ್ನು ಮುಂದೆ ತಿರುಗಿಸಬಹುದು; ದೇಹ ಮಾತ್ರ ಕಳೆದ ಗಂಟೆಗಳನ್ನೇ ಎಣಿಸುತ್ತದೆ.