ಮೂರು ಸಲ ಬೇಡ ಅಂದರೂ ಬಂದ ಗ್ಯಾಸ್

ನಿಮ್ಮ ಮನೆಯ ಕಾಂಪೌಂಡ್ ಆಚೆ
ಲಾರಿಗಟ್ಟಲೆ ಗ್ಯಾಸ್ ಬಂದು ನಿಂತರೆ,
ನಿಮಗೆ ಗೊತ್ತಾಗುತ್ತಾ?

ಕೀನ್ಯಾದ ನೈರೋಬಿ. ಎಂಬಕಾಸಿ ಪ್ರದೇಶ.
2024ರ ಫೆಬ್ರವರಿ 1.
ರಾತ್ರಿ ಹನ್ನೊಂದೂವರೆ ಸುಮಾರು.
ಗ್ಯಾಸ್ ತುಂಬಿದ್ದ ಲಾರಿ ಸಿಡಿಯಿತು.
ಹಾರಿದ ಸಿಲಿಂಡರ್ ಬಡಿದು
ಬಟ್ಟೆ ಗೋದಾಮೂ ಹೊತ್ತಿಕೊಂಡಿತು.
ಹಲವರು ಸತ್ತರು.
ಗಾಯಗೊಂಡವರು 270ಕ್ಕೂ ಹೆಚ್ಚು.

ಬೆಂಕಿ ಇಷ್ಟು ದೂರ ಹೇಗೆ ಹಬ್ಬಿತು?

ಎಲ್‌ಪಿಜಿ ಗಾಳಿಗಿಂತ ಭಾರ.
ಸೋರಿದರೆ ಮೇಲೆ ಹೋಗಲ್ಲ.
ಅಂಗಳಕ್ಕೆ ಚೆಲ್ಲಿದ ನೀರಿನ ಹಾಗೆ
ನೆಲ ಹಿಡಿದು ಹರಿಯುತ್ತೆ,
ತಗ್ಗು ಸಿಕ್ಕಲ್ಲಿ ನಿಲ್ಲುತ್ತೆ.
ಗಾಳಿಯಲ್ಲಿ ಸುಮಾರು 2 ಪರ್ಸೆಂಟ್ ಬೆರೆತರೂ ಸಾಕು,
ಒಂದು ಕಿಡಿಗೆ ಭಗ್ ಅನ್ನುತ್ತೆ.

ಅದಕ್ಕೇ ಗ್ಯಾಸ್ ಘಟಕಕ್ಕೂ ಮನೆಗಳಿಗೂ ನಡುವೆ
ಖಾಲಿ ಜಾಗ ಬಿಡಲೇಬೇಕು.

ಎಂಬಕಾಸಿಯಲ್ಲಿ ಆಗಿದ್ದೇನು?
ಆ ಜಾಗದಲ್ಲಿ ಘಟಕ ಕಟ್ಟೋಕೆ
2023ರಲ್ಲೇ ಮೂರು ಸಲ ಅರ್ಜಿ ಬಂದಿತ್ತು.
ಇಂಧನ ನಿಯಂತ್ರಣ ಪ್ರಾಧಿಕಾರ
ಮೂರೂ ಸಲ ಬೇಡ ಅಂದಿತ್ತು.
ಮುಖ್ಯ ಕಾರಣ? ಸುರಕ್ಷಿತ ಅಂತರ ಇಲ್ಲ.
ಆದರೆ ಪರಿಸರ ಪ್ರಾಧಿಕಾರದಿಂದ ಲೈಸೆನ್ಸ್ ಸಿಕ್ಕಿತ್ತು!
ದುರಂತದ ನಂತರ
ಆ ಪರಿಸರ ಪ್ರಾಧಿಕಾರದ ನಾಲ್ವರು ಅಧಿಕಾರಿಗಳು ಅಮಾನತಾದರು.

ಹಾಗಾಗಿ ಒಳ್ಳೆ ತನಿಖೆ
ಕಿಡಿ ಎಲ್ಲಿಂದ ಬಂತು ಅಂತ ಕೇಳಿ ಸುಮ್ಮನಾಗಲ್ಲ.
ಒಂದು ಇಲಾಖೆ ಬೇಡ ಅಂದಿದ್ದು
ಇನ್ನೊಂದಕ್ಕೆ ಯಾಕೆ ಕೇಳಿಸಲಿಲ್ಲ ಅಂತಲೂ ಕೇಳುತ್ತೆ.
ಮುಂದಿನ ದುರಂತ ತಪ್ಪೋದು ಆ ಉತ್ತರದಿಂದ.

ನಿಮಗೆ ಗ್ಯಾಸ್ ವಾಸನೆ ಬಂತಾ?
ಸ್ವಿಚ್ ಮುಟ್ಟಬೇಡಿ. ಗಾಡಿ ಸ್ಟಾರ್ಟ್ ಮಾಡಬೇಡಿ.
ಗಾಳಿ ಬೀಸಿ ಬರೋ ದಿಕ್ಕಿಗೆ,
ಎತ್ತರದ ಜಾಗಕ್ಕೆ ನಡೀರಿ.
ದೂರ ಹೋದ ಮೇಲೆ ಫೋನ್ ಮಾಡಿ.