ನೀರಿನ ಹೊರೆ, ನೀರಿನ ಅಧಿಕಾರ

ಕುಡಿಯುವುದಕ್ಕೆ, ಅಡುಗೆಗೆ, ಸ್ನಾನಕ್ಕೆ, ಕೊಟ್ಟಿಗೆಯ ದನಕರುಗಳಿಗೆ ಬೇಕಾದ ನೀರೆಲ್ಲವೂ ಊರ ಬಾವಿಯಿಂದಲೋ ಬೋರಿಂಗಿನಿಂದಲೋ ಹೊರಟು ಮನೆಯೊಳಗಿನ ಹಂಡೆಯನ್ನು ಸೇರುವುದು ಯಾರ ಮೈದುಡಿಮೆಯಿಂದ ಎಂದು ನಲ್ಲಿಯಿಲ್ಲದ ಯಾವ ಹಳ್ಳಿಯಲ್ಲಿ ನಿಂತು ಕೇಳಿದರೂ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ. ಗ್ರಾಮವಾಸಿಗಳಿಗೆ ತಲೆಯೊಂದಕ್ಕೆ ದಿನಕ್ಕೆ 55 ಲೀಟರು ನೀರು ದೊರೆಯಬೇಕೆಂದು ಸರ್ಕಾರವೇ ಗೊತ್ತುಮಾಡಿರುವ ಪ್ರಮಾಣವನ್ನು ಹಿಡಿದು ಲೆಕ್ಕ ಹಾಕಿದರೆ, ಐವರಿರುವ ಸಂಸಾರಕ್ಕೆ ನಿತ್ಯವೂ 275 ಲೀಟರು ಬೇಕಾಗುವುದು. 15 ಲೀಟರು ಹಿಡಿಯುವ ಕೊಡದಲ್ಲಿ ಅದು 18 ಕೊಡಗಳನ್ನು ಮೀರುತ್ತದೆ, ಮತ್ತು ತುಂಬಿದ ಪ್ರತಿಯೊಂದು ಕೊಡವೂ ತಲೆಯ ಸಿಂಬಿಯ ಮೇಲೆ ಏರುವಾಗ 15 ಕಿಲೋಗ್ರಾಮಿಗೆ ಕಡಿಮೆಯಿಲ್ಲದ ಭಾರವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ಜೊತೆಗೂಡಿ 2023ರಲ್ಲಿ ಪ್ರಕಟಿಸಿದ ವರದಿಯಂತೆ, ಮನೆಯಂಗಳದಲ್ಲಿ ನೀರಿಲ್ಲದ ಪ್ರತಿ 10 ಕುಟುಂಬಗಳಲ್ಲಿ 7ರಲ್ಲಿ ಈ ಹೊಣೆ ಸ್ತ್ರೀಯರದು. ಅಂಬೇಡ್ಕರರು 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನು ಜನಸಮೂಹದೊಡನೆ ಕುಡಿದು ಸಾರಿದ ಸಾರ್ವಜನಿಕ ನೀರಿನ ಹಕ್ಕು, ದಲಿತ ಹೆಣ್ಣುಮಕ್ಕಳ ಪಾಲಿಗೆ ಇಂದಿಗೂ ಎಲ್ಲ ಊರುಗಳಲ್ಲಿ ಸಲೀಸಾಗಿ ದೊರೆತಿಲ್ಲವೆಂಬುದನ್ನೂ ಇಲ್ಲಿಯೇ ಹೇಳದಿದ್ದರೆ ಅಪಚಾರವಾದೀತು.

ಹೊರೆಯ ಮಾತು ಹೀಗಾದರೆ, ಅಧಿಕಾರದ ಮಾತು ತೀರ ಬೇರೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಎಂದರೆ ಶಾಂತಿಸಾಗರವನ್ನು, ಕಟ್ಟಿಸಿದವಳು ಶಾಂತವ್ವೆಯೆಂಬ ರಾಜಕುಮಾರಿಯೆಂದು ಐತಿಹ್ಯವುಂಟು. ಕೆರೆಗೆ ಹಾರವಾದ ಭಾಗೀರಥಿಯ ಕಥೆ ಜನಪದರ ಹಾಡಿನಲ್ಲಿ ಇನ್ನೂ ಜೀವಂತವಾಗಿದೆ. ದಾನಿಯನ್ನಾಗಿಯೂ ಬಲಿಯನ್ನಾಗಿಯೂ ಹೆಣ್ಣನ್ನು ಕೆರೆಯ ಏರಿಯ ಮೇಲೆ ನಿಲ್ಲಿಸಿದ ನಮ್ಮ ಸಮಾಜವು, ತೂಬನ್ನು ಎತ್ತಿ ಗದ್ದೆಗದ್ದೆಗೆ ನೀರು ಬಿಡುವ ನೀರುಗಂಟಿಯ ಕಾಯಕವನ್ನೂ, ಆ ಹಂಚಿಕೆಯ ತಕರಾರುಗಳನ್ನು ತೀರ್ಮಾನಿಸುವ ಪಂಚಾಯಿತಿ ಕಟ್ಟೆಯನ್ನೂ ಗಂಡಸರಿಗೇ ಮೀಸಲಾಗಿ ಇರಿಸಿಕೊಂಡಿತು. ಈ ಕಾಲದ ನೀರು ಬಳಕೆದಾರರ ಸಹಕಾರ ಸಂಘಗಳಲ್ಲಿಯೂ ಅದರ ನೆರಳು ಕಾಣುತ್ತದೆ. ಸಂಘದ ಸದಸ್ಯತ್ವಕ್ಕೆ ಅಚ್ಚುಕಟ್ಟಿನಲ್ಲಿ ಭೂಮಿಯಿರಬೇಕು, ಭೂಮಿಯಿದೆಯೆನ್ನುವುದಕ್ಕೆ ಪಹಣಿಯಲ್ಲಿ ಹೆಸರಿರಬೇಕು. ಹೀಗಾಗಿ ಅದೇ ಗದ್ದೆಯಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ಬಾಗಿ ನಾಟಿ ಹಾಕಿದವಳು, ಕಳೆ ಕಿತ್ತವಳು, ಯಾವ ದಿನ ಯಾವ ಮಡಿಗೆ ನೀರು ಸಾಲದೆಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು, ಪಹಣಿಯಲ್ಲಿ ಗಂಡನದೋ ಮಾವನದೋ ಹೆಸರಿರುವ ಒಂದೇ ಕಾರಣದಿಂದ ಸಭೆಯ ಹೊರಗುಳಿಯುತ್ತಾಳೆ. 2015-16ರ ಕೃಷಿಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಮಹಿಳೆಯರು 100ಕ್ಕೆ ಸುಮಾರು 14 ಮಂದಿ ಮಾತ್ರ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಸಮಪಾಲೆಂದು 2005ರ ತಿದ್ದುಪಡಿ ವಿಧಿಸಿದ್ದರೂ, ಆ ಪಾಲು ಖಾತೆಗೆ ಏರುವ ಮೊದಲೇ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ವಾಡಿಕೆ ನಿಂತಿಲ್ಲ. ನೀರಿನ ಸಮಾನತೆಯ ಬೇರು ಭೂಮಿಯ ಸಮಾನತೆಯಲ್ಲಿದೆಯೆಂದು ನಾನು ದೃಢವಾಗಿ ನಂಬಿದ್ದೇನೆ.

ಭೂಮಿಯ ಮಾತು ಹಾಗಿರಲಿ, ನೀರಿನ ಯಂತ್ರದ ಕೆಲಸ ಹೆಂಗಸಿನ ಕೈಗೆ ಒಗ್ಗದೆಂಬ ವಾದಕ್ಕೆ ಉತ್ತರ ಪ್ರದೇಶದ ಬಾಂದಾ ಸೀಮೆಯ ಸ್ತ್ರೀಯರು 1990ರ ದಶಕದಲ್ಲಿಯೇ ಉತ್ತರವಿತ್ತಿದ್ದಾರೆ. ಆ ದಶಕದ ಆರಂಭದಲ್ಲಿ, ಕರ್ನಾಟಕದಲ್ಲಿಯೂ ಕೆಲಸ ಮಾಡಿದ ಮಹಿಳಾ ಸಮಾಖ್ಯ ಕಾರ್ಯಕ್ರಮದ ಆಶ್ರಯದಲ್ಲಿ, ಓದುಬರಹವನ್ನೇ ಅರಿಯದಿದ್ದ ಅನೇಕ ಬಡ ಸ್ತ್ರೀಯರು ಅಲ್ಲಿ ಕೈಪಂಪು ದುರಸ್ತಿಯನ್ನು ಕಲಿತರು. ಅದೇನು ಹಗುರವಾದ ಕೆಲಸವಲ್ಲ. ನೆಲದಾಳದ ಸಿಲಿಂಡರಿನೊಳಗೆ ಸವೆದುಹೋದ ಅಂಗೈಯಗಲದ ಚರ್ಮದ ವಾಷರೊಂದನ್ನು ಬದಲಿಸಬೇಕಾದರೆ, ಪಂಪಿನ ತಲೆಯನ್ನು ಬಿಚ್ಚಿ, ಒಂದಕ್ಕೊಂದು ತಿರುಪಿ ಜೋಡಿಸಿದ ಕಬ್ಬಿಣದ ಕೊಳವೆಗಳ ಸಾಲನ್ನೆಲ್ಲ ಮೇಲಕ್ಕೆಳೆದು, ಒಂದೊಂದನ್ನೂ ಹಿಡಿಕೆಯಲ್ಲಿ ಬಿಗಿದು ನಿಲ್ಲಿಸಿ, ಪಾನಾ ಹಾಕಿ ತಿರುಪಿ ಬಿಡಿಸಬೇಕು. ದಿನವೂ ಕೊಡ ಹೊತ್ತ ತೋಳುಗಳಿಗೆ ಇದು ಅಸಾಧ್ಯವೆಂದು ಯಾರು ಹೇಳಬಲ್ಲರು?

ಅಧಿಕಾರ ದೊರೆತಾಗ ಏನಾಗುವುದೆಂಬುದಕ್ಕೂ ಸಾಕ್ಷ್ಯವಿದೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅವರು ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಧ್ಯಕ್ಷಸ್ಥಾನ ಮಹಿಳೆಗೆ ಮೀಸಲಾಗಿದ್ದ ಪಂಚಾಯಿತಿಗಳು ಕುಡಿಯುವ ನೀರಿನ ಸೌಕರ್ಯಕ್ಕೆ ಉಳಿದವುಗಳಿಗಿಂತ ಹೆಚ್ಚು ಗಮನವಿತ್ತುದು ಕಂಡುಬಂದಿತು.

2019ರ ಆಗಸ್ಟ್ 15ರಂದು ಘೋಷಿತವಾದ ಜಲ ಜೀವನ ಮಿಷನ್ ಯೋಜನೆಯು ಮನೆಮನೆಗೂ ನಲ್ಲಿಯನ್ನು ತರುವುದರ ಜೊತೆಗೆ, ಗ್ರಾಮದ ನೀರು ಸಮಿತಿಯಲ್ಲಿ ಅರ್ಧದಷ್ಟು ಮಂದಿ ಮಹಿಳೆಯರಿರಬೇಕೆಂದೂ, ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ನೀಡಬೇಕೆಂದೂ ತನ್ನ ಮಾರ್ಗಸೂಚಿಯಲ್ಲಿ ಬರೆದಿದೆ. ಫ್ಲೋರೈಡಿನಿಂದ ಹಲ್ಲೂ ಮೂಳೆಯೂ ಕೆಡುವ ಕೋಲಾರ, ಪಾವಗಡಗಳಂಥ ಸೀಮೆಗಳಲ್ಲಿ ಈ ಎರಡನೆಯ ಮಾತಿನ ಬೆಲೆ ಬಹು ದೊಡ್ಡದು. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಅಧಿಕಾರ ಬಂದಂತಾಗದು. ಅಡುಗೆಯ ಹೊತ್ತಿನಲ್ಲಿ ಸಭೆ ಕರೆದು, ಪುಸ್ತಕಕ್ಕೆ ಮನೆಯಲ್ಲಿಯೇ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುವುದಾದರೆ ಅಂಥ ಸದಸ್ಯತ್ವದಿಂದ ಪ್ರಯೋಜನವಿಲ್ಲ. ಆದುದರಿಂದ ಓದುಗರು ತಮ್ಮೂರಿನ ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ, ನೀರು ಸಮಿತಿಯ ಪಟ್ಟಿಯನ್ನು ಎಲ್ಲರೆದುರು ಓದಿಸಬೇಕೆಂದೂ, ಅದರಲ್ಲಿರುವ ಮಹಿಳೆಯರು ಕಳೆದ ಸಭೆಯಲ್ಲಿ ಏನು ಹೇಳಿದರು, ಅದು ನಡವಳಿಯಲ್ಲಿ ದಾಖಲಾಗಿದೆಯೇ ಎಂದು ಕೇಳಬೇಕೆಂದೂ ವಿನಂತಿಸುತ್ತೇನೆ.